ಗಿರಿಜಕ್ಕನ ಕಣ್ಣಿನ ಮೇಲೆ ಹೊರಿಸಿದ್ದು

ಗಿರಿಜಕ್ಕನ ಕಣ್ಣಿಗೆ ಏನೂ ಆಗಿರಲಿಲ್ಲ. ಆಗಿದ್ದು ನನ್ನ ಕಣ್ಣಿಗೆ. ಅದು ಯಾರಿಗೂ ಗೊತ್ತಾಗಬಾರದೆಂದು ನಾಲ್ಕು ವರ್ಷದ ಹಿಂದೆ ನನ್ನ ಅಂಗಡಿಯಲ್ಲೇ, ಗಿರಾಕಿಗಳ ಎದುರಿಗೇ, ತಪ್ಪನ್ನು ಅವರ ಕಣ್ಣಿನ ಮೇಲೆ ಹೊರಿಸಿದೆ. ಅವರು ನನ್ನ ಮಾತನ್ನು ನಂಬಿದರು — ನಂಬಿ, ಹನ್ನೆರಡು ವರ್ಷ ಜೀವ ತೇಯ್ದು ಮಾಡಿದ ಕಸುಬನ್ನು ಬಿಟ್ಟು ಮನೆಗೆ ಹೋದರು. ಇದನ್ನು ಹೀಗೆ ಒಂದೇ ಉಸಿರಿಗೆ ಬರೆದುಬಿಡಬೇಕು. ನಿಧಾನ ಮಾಡಿದರೆ ನನ್ನ ಬುದ್ಧಿ ನನಗೆ ಗೊತ್ತು, ನಡುವೆ ಎಲ್ಲಾದರೂ ಒಂದು ನೆಪ ತೂರಿಸಿಬಿಡುತ್ತೇನೆ.

ಶಿಕಾರಿಪುರದ ಬಸ್ ನಿಲ್ದಾಣಕ್ಕೆ ಕೂಗಳತೆಯಲ್ಲಿ ನನ್ನ ಫೋಟೊ ಸ್ಟುಡಿಯೋ ಇದೆ. ಮದುವೆ, ಸೀಮಂತ, ಗೃಹಪ್ರವೇಶ ಎಂದು ಊರೂರು ತಿರುಗಿ ಫೋಟೊ ತೆಗೆಯುವುದು ನಾನು. ಅವನ್ನು ಆರಿಸಿ, ತಿದ್ದಿ, ಪುಟಕ್ಕೆ ಜೋಡಿಸಿ ಆಲ್ಬಮ್ ಮಾಡುತ್ತಿದ್ದುದು ಗಿರಿಜಕ್ಕ. ಸೊರಬ ತಾಲೂಕಿನ ಆನವಟ್ಟಿಯವರು. ದಿನಾ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು. ಆದರೂ ಬಂದವರೆಲ್ಲ ಗಿರಿಜಕ್ಕ ಗಿರಿಜಕ್ಕ ಎನ್ನುತ್ತಿದ್ದುದರಿಂದ ನನ್ನ ಬಾಯಿಗೂ ಅದೇ ಕೂತಿತು. ಅವರು ನನ್ನನ್ನು ಅಣ್ಣ ಎನ್ನುತ್ತಿದ್ದರು.

ಅವರ ಕೆಲಸದ ಬಗ್ಗೆ ಹೇಳದಿದ್ದರೆ ನಾನು ಹಾಳು ಮಾಡಿದ್ದು ಏನನ್ನು ಎನ್ನುವುದೇ ಗೊತ್ತಾಗುವುದಿಲ್ಲ. ಒಂದು ಮದುವೆಗೆ ನಾನು ಮೂರು ಸಾವಿರ ಫೋಟೊ ತಂದು ಸುರಿಯುತ್ತಿದ್ದೆ. ಅವರು ಒಂದನ್ನೂ ತೆರೆಯುವ ಮೊದಲು ಹೆಣ್ಣಿನ ಮನೆಗೆ ಫೋನ್ ಮಾಡುತ್ತಿದ್ದರು. ಸೋದರಮಾವಂದಿರು ಎಷ್ಟು ಜನ, ಹಿರಿಯರು ಯಾರು, ಯಾರ ಯಾರ ನಡುವೆ ಮಾತಿಲ್ಲ — ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದರು. ಊರಿನ ಮುಖಂಡರ ಫೋಟೊ ಸೋದರಮಾವನಿಗಿಂತ ಮುಂಚಿನ ಪುಟಕ್ಕೆ ಬಂದು ಎರಡು ಮನೆ ಮುನಿಸಿಕೊಂಡ ಆಲ್ಬಮ್‌ಗಳನ್ನು ನಾನು ಕಂಡಿದ್ದೇನೆ. ಗಿರಿಜಕ್ಕನ ಆಲ್ಬಮ್ಮಿನಲ್ಲಿ ಅದು ಒಮ್ಮೆಯೂ ಆಗಲಿಲ್ಲ.

ಬಣ್ಣದ ವಿಷಯಕ್ಕೆ ಬಂದರೆ ಅವರದು ಇನ್ನೂ ವಿಚಿತ್ರ ಶಿಸ್ತು. ಮದುಮಗಳ ರವಿಕೆ ಹೊಲಿದ ದರ್ಜಿಯ ಹತ್ತಿರ ಹೋಗಿ, ಕತ್ತರಿಸಿ ಉಳಿದ ಬಟ್ಟೆಯ ಚೂರನ್ನು ಕೇಳಿ ತರುತ್ತಿದ್ದರು. ಅದನ್ನು ಕಂಪ್ಯೂಟರಿನ ಪರದೆಗೆ ಒತ್ತಿ ಹಿಡಿದು, ಸೀರೆಯ ಬಣ್ಣ ಅದಕ್ಕೆ ಹೊಂದುವ ತನಕ ಬಿಡುತ್ತಿರಲಿಲ್ಲ. ಮುಖಗಳನ್ನು ಬೆಳ್ಳಗೆ ಮಾಡಿ ಎಂದು ಗಿರಾಕಿಗಳು ಕೇಳಿದರೆ ನಗುತ್ತಲೇ ತಪ್ಪಿಸುತ್ತಿದ್ದರು. ಬಿಸಿಲಲ್ಲಿ ದುಡಿದ ಮುಖಕ್ಕೆ ಸುಣ್ಣ ಬಳಿದರೆ ನಾಳೆ ಮಕ್ಕಳು ಅಪ್ಪ ಯಾರು ಅಂತ ಹುಡುಕಬೇಕಾಗುತ್ತದೆ ಎನ್ನುತ್ತಿದ್ದರು. ಫೋಟೊ ತೆಗೆದವನು ನಾನು, ನಿಜ. ಆದರೆ ಜನ ಮತ್ತೆ ಮತ್ತೆ ನಮ್ಮ ಅಂಗಡಿಗೆ ಬರುತ್ತಿದ್ದುದು ಅವರ ಕಣ್ಣಿಗಾಗಿ. ಇದು ನನಗೆ ಆಗಲೂ ಗೊತ್ತಿತ್ತು — ಗೊತ್ತಿದ್ದೂ...

ಆ ವರ್ಷ ಹಳೆಯ ಕಂಪ್ಯೂಟರ್ ತೆಗೆದು ಹೊಸ ಲ್ಯಾಪ್‌ಟಾಪ್ ತಂದೆ. ಅದರ ಪರದೆ ಆಲ್ಬಮ್ ಕೆಲಸಕ್ಕೆ ಸಣ್ಣದು. ಹಾಗಾಗಿ ಎರಡು ದೊಡ್ಡ ಮಾನಿಟರ್ ತಂದು ಕೇಬಲ್‌ನಿಂದ ಅದಕ್ಕೆ ಜೋಡಿಸಿದೆ. ಒಂದರಲ್ಲಿ ಫೋಟೊಗಳ ಸಾಲು, ಇನ್ನೊಂದರಲ್ಲಿ ಆಲ್ಬಮ್ಮಿನ ಪುಟ. ಮೊದಲ ದಿನ ಚಿತ್ರಗಳು ಎಷ್ಟು ಸ್ವಚ್ಛವಾಗಿದ್ದವೆಂದರೆ ಗಿರಿಜಕ್ಕ ಮದುಮಗಳ ದಂಡೆಯಲ್ಲಿ ಎಷ್ಟು ಮೊಗ್ಗು ಇನ್ನೂ ಅರಳಿಲ್ಲ ಎಂದು ಎಣಿಸಿ ಹೇಳಿದರು. ನನಗೆ ಮಾತ್ರ ಬೇರೆ ತೊಂದರೆ. ಪರದೆಯ ಮೇಲಿನ ಅಕ್ಷರಗಳು ಸಾಸಿವೆ ಕಾಳಿನಷ್ಟಿದ್ದವು. ಒಂದನ್ನೂ ಸರಿಯಾಗಿ ಓದಲಾಗಲಿಲ್ಲ.

ಐವತ್ತು ದಾಟಿದವನಿಗೆ ಹತ್ತಿರದ ಅಕ್ಷರ ಮಸುಕಾಗುವುದರಲ್ಲಿ ಏನು ವಿಶೇಷ? ಕನ್ನಡಕ ಹಾಕಿಕೊಂಡರೆ ಮುಗಿಯಿತು. ಆದರೆ ನನಗೆ ಈ ಕಸುಬು ಕಲಿಸಿದ ಸೋದರಮಾವ ದಪ್ಪ ಕನ್ನಡಕ ಹಾಕಿದ ಮೇಲೆ ಊರ ಜನ ಅವನಿಗೆ ಸೋಡಾಗ್ಲಾಸ್ ಎಂದು ಹೆಸರಿಟ್ಟು, ಕುರುಡನ ಕೈಗೆ ಯಾಕೆ ಕ್ಯಾಮೆರಾ ಎಂದು ನಗುತ್ತಿದ್ದುದನ್ನು ನಾನು ಕೇಳಿ ಬೆಳೆದಿದ್ದೆ. ನಾನೋ, ನನ್ನ ಕಣ್ಣು ಹದ್ದಿನ ಕಣ್ಣು ಎಂದು ಮೂವತ್ತು ವರ್ಷ ಕೊಚ್ಚಿಕೊಂಡವನು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಅಂಥ ಜಂಬ.

ಹಾಗಾಗಿ ಗಿರಿಜಕ್ಕ ಬಸ್ಸಿಗೆ ಹೋದ ಮೇಲೆ ಒಂದು ಸಂಜೆ ಕಣ್ಣು ಕಿರಿದು ಮಾಡಿ, ತಡಕಾಡಿ ಸೆಟ್ಟಿಂಗ್ಸ್ ತೆರೆದೆ. ರೆಸಲ್ಯೂಷನ್ ಎಂಬ ಕಡೆ ಅಂಕಿಗಳ ಪಟ್ಟಿ ಇತ್ತು. ಎಲ್ಲಕ್ಕಿಂತ ಮೇಲಿನದು ಈ ಪರದೆಗೆ ಸರಿಯಾದದ್ದು ಎಂದು ಅಲ್ಲೇ ಬರೆದಿತ್ತು. ನಾನು ಕೆಳಗಿನದೊಂದನ್ನು ಒತ್ತಿದೆ. ಅಕ್ಷರಗಳು ಬೋರ್ಡಿನ ಅಕ್ಷರದ ಹಾಗೆ ದೊಡ್ಡದಾಗಿ ಎದ್ದುನಿಂತವು. ಎರಡನೆಯ ಮಾನಿಟರಿಗೂ ಅದನ್ನೇ ಮಾಡಿದೆ. ಚಿತ್ರಕ್ಕೆ ಏನಾಗುತ್ತದೆ ಎಂದು ಯೋಚಿಸಲಿಲ್ಲ. ಚಿತ್ರದ ವ್ಯತ್ಯಾಸ ನನ್ನ ಕಣ್ಣಿಗೆ ಕಾಣಲೂ ಇಲ್ಲ.

ಮರುದಿನ ಬೆಳಿಗ್ಗೆ ಕುರ್ಚಿಯಲ್ಲಿ ಕೂತ ಐದೇ ನಿಮಿಷಕ್ಕೆ ಗಿರಿಜಕ್ಕ, ಅಣ್ಣ, ಚಿತ್ರ ಮಬ್ಬಾಗಿದೆ ಎಂದರು. ಮೆತ್ತನೆ ಬಟ್ಟೆಯಿಂದ ಎರಡೂ ಪರದೆ ಒರೆಸಿದರು. ಕೇಬಲ್ ಬಿಚ್ಚಿ ಮತ್ತೆ ಸಿಕ್ಕಿಸಿದರು. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಇಟ್ಟು ನೋಡಿದರು. ಮಾನಿಟರಿನ ಕೆಳಗಿನ ಗುಂಡಿಗಳನ್ನು ಒತ್ತಿ ಬೆಳಕು ಏರಿಸಿ ಇಳಿಸಿದರು. ಕೊನೆಗೆ ಒಂದೇ ಫೋಟೊವನ್ನು ಲ್ಯಾಪ್‌ಟಾಪಿನ ಸಣ್ಣ ಪರದೆಯಲ್ಲೂ ದೊಡ್ಡ ಮಾನಿಟರಿನಲ್ಲೂ ಒಟ್ಟಿಗೆ ತೆರೆದು ನನ್ನನ್ನು ಕರೆದರು. ಲ್ಯಾಪ್‌ಟಾಪಿನಲ್ಲಿ ಸರಿ ಕಾಣುವುದು ಹೊರಗಿನ ಪರದೆಗೆ ಹೋಗುವಾಗ ಕೆಡುತ್ತಿದೆ, ಅಂದರೆ ತಪ್ಪು ಫೋಟೊದ್ದಲ್ಲ, ನಡುವೆ ಎಲ್ಲೋ ಇದೆ ಎಂದರು. ಯಾವ ತರಬೇತಿಯೂ ಇಲ್ಲದೆ, ತಾವೇ ಯೋಚಿಸಿ, ರೋಗದ ಬುಡಕ್ಕೇ ಬಂದು ನಿಂತಿದ್ದರು. ಆಮೇಲೆ ಕೇಳಿದರು, ಸೆಟ್ಟಿಂಗ್ಸ್‌ನಲ್ಲಿ ಏನಾದರೂ ಬದಲಾಗಿದೆಯಾ ಎಂದು.

ನಮ್ಮಲ್ಲಿ ಒಂದು ಕಟ್ಟಳೆ ಇತ್ತು — ಯಂತ್ರದ ಗೊಡವೆ ನನ್ನದು, ಚಿತ್ರದ ಗೊಡವೆ ಅವರದು. ಸೆಟ್ಟಿಂಗ್ಸ್ ಅವರು ಎಂದೂ ಮುಟ್ಟುತ್ತಿರಲಿಲ್ಲ. ಆ ಕಟ್ಟಳೆಯನ್ನು ಅವರು ಪಾಲಿಸುತ್ತಾರೆಂಬ ಧೈರ್ಯದ ಮೇಲೆ ನಾನು, ಏನೂ ಬದಲಾಗಿಲ್ಲ ಎಂದೆ. ಸಣ್ಣ ಪರದೆಯಲ್ಲಿ ಎಲ್ಲವೂ ಚಂದವೇ ಕಾಣುತ್ತದೆ, ದೊಡ್ಡದಕ್ಕೆ ಕಣ್ಣು ಹೊಂದಿಕೊಳ್ಳಬೇಕು ಎಂದೂ ಸೇರಿಸಿದೆ. ಅವತ್ತಿಗೆ ಅದು ಅರ್ಧ ಸುಳ್ಳು. ನಾನು ಬದಲಿಸಿದ್ದರಿಂದಲೇ ಹೀಗಾಗಿದೆ ಎಂದು ನನಗೂ ಖಚಿತವಿರಲಿಲ್ಲ. ಅರ್ಧ ಸುಳ್ಳು ಎಂದು ಇಲ್ಲಿ ಬರೆಯುವಾಗಲೂ ನಾನು ತೂಕ ಕಡಿಮೆ ಮಾಡಿಕೊಳ್ಳುತ್ತಿದ್ದೇನೆ — ಇರಲಿ.

ಪೂರ್ತಿ ಸುಳ್ಳಾಗಲು ಎರಡು ವಾರ ಸಾಕಾಯಿತು. ಗಿರಿಜಕ್ಕ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ರಜೆ ಹಾಕಿದ್ದ ದಿನ ಕಂಪ್ಯೂಟರ್ ರಿಪೇರಿಯ ನಾಗರಾಜ ಪ್ರಿಂಟರ್ ನೋಡಲು ಬಂದ. ಮಾನಿಟರ್ ಕಡೆ ಕಣ್ಣು ಹಾಯಿಸಿದವನೇ, ಇದನ್ನು ಯಾರು ಹೀಗೆ ಮಾಡಿದ್ದು ಎಂದು ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ನಾನಂತೂ ಅಲ್ಲ ಎಂದುಬಿಟ್ಟೆ. ಅವನು ಕಾರಣ ಬಿಡಿಸಿ ಹೇಳಿದ. ಪ್ರತಿ ಪರದೆಗೂ ಇಂತಿಷ್ಟು ಚುಕ್ಕಿ ಎಂದು ಲೆಕ್ಕವಿರುತ್ತದೆ. ಲ್ಯಾಪ್‌ಟಾಪ್ ಅಷ್ಟನ್ನೂ ಕಳಿಸಬೇಕು. ಕಡಿಮೆ ಕಳಿಸಿದರೆ ಮಾನಿಟರ್ ಇದ್ದಷ್ಟನ್ನೇ ಎಳೆದು ಹಿಗ್ಗಿಸುತ್ತದೆ. ಹತ್ತು ಚುಕ್ಕಿಯ ರಂಗೋಲಿಯನ್ನು ಇಪ್ಪತ್ತು ಚುಕ್ಕಿಯ ಅಂಗಳಕ್ಕೆ ಎಳೆದ ಹಾಗೆ, ಎಂದ. ಮೇಲಿನ ಅಂಕಿ ಒತ್ತಿದ. ಆಗ ನನಗೂ ಕಂಡಿತು — ಪೊರೆ ಕಳಚಿದ ಹಾಗೆ ಚಿತ್ರ ತಿಳಿಯಾಯಿತು. ಅಕ್ಷರ ಮತ್ತೆ ಸಾಸಿವೆಯಾಯಿತು. ಅಕ್ಷರ ಸಣ್ಣದೆನಿಸಿದರೆ ರೆಸಲ್ಯೂಷನ್ ಮುಟ್ಟಬೇಡಿ, ಅದರ ಪಕ್ಕದಲ್ಲೇ ಗಾತ್ರ ಹಿಗ್ಗಿಸುವ ಇನ್ನೊಂದು ಸಾಲು ಇದೆ, ಅದನ್ನು ಏರಿಸಿ ಎಂದು ತೋರಿಸಲು ಹೋದ. ನನಗೆ ಓದಲು ಬರುತ್ತದಪ್ಪಾ, ಬೇಡ ಎಂದೆ.

ಅವನು ಹೋದ. ಆ ಇನ್ನೊಂದು ಸಾಲನ್ನು ಹುಡುಕಲು ಹೋದರೆ ಅದರ ಅಕ್ಷರವೇ ಓದಲಾಗಲಿಲ್ಲ. ಮತ್ತೆ ಕರೆದು ಕೇಳಲು ಮಾನ ಅಡ್ಡ ಬಂತು. ಗೊತ್ತಿದ್ದ ದಾರಿ ಒಂದೇ. ಅಂಕಿಯನ್ನು ಮತ್ತೆ ಕೆಳಗಿಳಿಸಿದೆ. ಅಕ್ಷರ ದೊಡ್ಡದಾದ ಮೇಲೆ ಆ ಸಾಲನ್ನು ಹುಡುಕಬಹುದಿತ್ತು, ಹುಡುಕಲಿಲ್ಲ. ತಿಳಿದು ಮಾಡಿದ್ದು ಇದು. ಮರುದಿನ ಗಿರಿಜಕ್ಕ ಬಂದು ಅದೇ ಮಬ್ಬಿನ ಮುಂದೆ ಕೂತು, ಕುತ್ತಿಗೆ ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ ಕೆಲಸ ಶುರುಮಾಡಿದರು. ನಾನು ಎದುರಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ.

ಆ ಪರದೆಯಲ್ಲೇ ಅಂಬ್ಲಿಗೊಳದ ಕಡೆಯ ಹಾಲಪ್ಪಗೌಡ್ರ ಮಗಳ ಆಲ್ಬಮ್ ಆಯಿತು. ಗೌಡ್ರ ತಾಯಿ ಮೊಮ್ಮಗಳ ತಲೆಗೆ ಅಕ್ಕಿಕಾಳು ಹಾಕುವ ಫೋಟೊ ಎರಡು ಪುಟಕ್ಕೆ ಹರಡಿದ ದೊಡ್ಡ ಚಿತ್ರ. ಅದೇ ಗಳಿಗೆಯ ಫೋಟೊ ಐದಾರಿದ್ದವು. ಒಂದರಲ್ಲಿ ನನ್ನ ಕ್ಯಾಮೆರಾ ಅಜ್ಜಿಯನ್ನು ಬಿಟ್ಟು ಹಿಂದೆ ನಿಂತ, ಮದುವೆ ಮಾಡಿಸುವ ಅಯ್ಯನವರ ಮೇಲೆ ಗುರಿ ಹಿಡಿದಿತ್ತು. ಮಬ್ಬು ಪರದೆಯಲ್ಲಿ ಎಲ್ಲವೂ ಒಂದೇ ಥರ ಕಂಡಿವೆ. ಅಜ್ಜಿಯ ಕೈ ಚಂದ ಬಂದಿದೆಯೆಂದು ಗಿರಿಜಕ್ಕ ಆರಿಸಿದ್ದು ಅದನ್ನೇ.

ಆಲ್ಬಮ್ ಅಚ್ಚಾಗಿ ಬಂದ ವಾರಕ್ಕೆ ಗೌಡ್ರು ತಾಯಿಯನ್ನೂ ಕರೆದುಕೊಂಡು ಅಂಗಡಿಗೆ ಬಂದರು. ಅಜ್ಜಿ ಪುಟ ತೆರೆದು ನನ್ನ ಮುಂದಿಟ್ಟರು. "ನಾನೇನು ಒಲಿ ಮುಂದ ಕುಂತಿದ್ನೇನಪ್ಪಾ? ನನ್ನ ಮುಖ ಹೊಗಿಯಾಗ ಐತಿ. ಅಯ್ನೋರ ಗಡ್ಡ ಮಾತ್ರ ಒಂದೊಂದು ಕೂದ್ಲು ಎಣಸಂಗ ಐತಿ," ಎಂದರು. ಅಂಗಡಿಯಲ್ಲಿದ್ದ ಇನ್ನಿಬ್ಬರು ನಕ್ಕರು. ಗೌಡ್ರು ನಗಲಿಲ್ಲ. ಇಷ್ಟು ವರ್ಷದ ಅಂಗಡಿ, ಇದನ್ನು ಯಾರೂ ನೋಡಲಿಲ್ಲವೇ ಎಂದು ಕೇಳಿದರು. ಗಿರಿಜಕ್ಕ ತಮ್ಮ ಕುರ್ಚಿಯಿಂದ ಎದ್ದು ನಿಂತಿದ್ದರು.

ಗುರಿ ತಪ್ಪಿದ್ದು ನನ್ನ ಕ್ಯಾಮೆರಾ. ಪರದೆ ಕೆಡಿಸಿದ್ದು ನನ್ನ ಬೆರಳು. ನಾನು ಹೇಳಿದ್ದು ಇದು:

"ಏನ್ ಮಾಡೋದು ಗೌಡ್ರೆ, ಗಿರಿಜಕ್ಕನ ಕಣ್ಣು ಈಗ ಮೊದಲಿನಂಗಿಲ್ಲ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅವಳಿಗಿಂತ ಕಡೆ. ಪಕ್ಕದಲ್ಲಿ ಚೆನ್ನಾಗಿ ಕುಣಿಯುತ್ತಿದ್ದವರ ಕಾಲೇ ಡೊಂಕು ಎಂದೆ. ಗಿರಿಜಕ್ಕ ಅಜ್ಜಿಯ ಹತ್ತಿರ ಹೋಗಿ, ತಪ್ಪಾಯಿತು ಅಮ್ಮಾ, ಬೇರೆ ಮಾಡಿಕೊಡುತ್ತೇನೆ ಎಂದು ಕೈಮುಗಿದರು. ಆ ಪುಟಗಳನ್ನು ಮತ್ತೆ ಮಾಡಿದರು. ಈ ಸಲ ಎಲ್ಲ ಫೋಟೊಗಳನ್ನೂ ಲ್ಯಾಪ್‌ಟಾಪಿನ ಆ ಸಣ್ಣ ಪರದೆಯಲ್ಲಿ ಒಂದೊಂದಾಗಿ ಹಿಗ್ಗಿಸಿ ನೋಡಿ ಆರಿಸಿದರು. ಅಜ್ಜಿಯ ಹಣೆಯ ವಿಭೂತಿಯ ಮೂರು ಗೆರೆಯೂ ಬೇರೆಬೇರೆಯಾಗಿ ಕಾಣುವಂತೆ ಬಂತು. ಅದನ್ನು ನೋಡಿಯಾದರೂ ನಾನು ಬಾಯಿ ಬಿಡಬಹುದಿತ್ತು.

ಆಮೇಲೆ ಒಂದು ದಿನ ಶಿವಮೊಗ್ಗಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬಂದರು. ವೈದ್ಯರು ಕಣ್ಣು ಚೆನ್ನಾಗಿದೆ, ಯಾವ ತೊಂದರೆಯೂ ಇಲ್ಲ ಎಂದು ಕಳಿಸಿದ್ದರು. ನಾನು ಒಳಗೊಳಗೇ ಹಗುರಾದೆ. ಇನ್ನು ಅವರು ಧೈರ್ಯವಾಗಿ ಕೂತು ಕೆಲಸ ಮಾಡುತ್ತಾರೆ ಎಂದುಕೊಂಡೆ. ಅವರು ಹೇಳಿದ ಮಾತು ಬೇರೆಯೇ. "ಡಾಕ್ಟ್ರು ಅಕ್ಷರ ಓದ್ಸಿ ಹೇಳ್ತಾರೆ ಅಣ್ಣ. ನೀವು ಚಿತ್ರ ನೋಡಿ ಹೇಳೋರು. ನೀವು ಅಂದ್ಮೇಲೆ ಇರ್ತದೆ ಬಿಡಿ."

ಕಲಿತ ವೈದ್ಯರಿಗಿಂತ ನನ್ನ ಮಾತು ಅವರಿಗೆ ದೊಡ್ಡದಾಗಿತ್ತು. ಆಗಲೂ ನಾನು ತುಟಿ ಬಿಚ್ಚಲಿಲ್ಲ. ಆ ತಿಂಗಳು ಒಪ್ಪಿಕೊಂಡ ಆಲ್ಬಮ್‌ಗಳನ್ನೆಲ್ಲ ಮುಗಿಸಿ, ಯಾವ ಮದುವೆಯ ಕೆಲಸ ಎಲ್ಲಿದೆ ಎಂದು ಹೆಸರು ಹಚ್ಚಿ ಜೋಡಿಸಿಟ್ಟು, ಕುರ್ಚಿಯ ದೂಳು ಒರೆಸಿ ಹೋದರು. ಬೀಳ್ಕೊಡಲು ಬಸ್ ನಿಲ್ದಾಣದ ತನಕ ಹೋದೆ. ಇಷ್ಟು ವರ್ಷ ನೋಡಿಕೊಂಡಿರಿ ಎಂದು ನನಗೇ ಧನ್ಯವಾದ ಹೇಳಿದರು.

ಅವರ ನಂತರ ಇಬ್ಬರು ಬಂದು ಹೋದರು. ಆಲ್ಬಮ್‌ಗಳು ಆಲ್ಬಮ್‌ಗಳ ಹಾಗೆ ಇದ್ದವು, ಅಷ್ಟೇ. ಹೋದ ವರ್ಷ ಬಿಲ್ಲಿನ ಅಕ್ಷರವೂ ಕಾಣದಂತಾದಾಗ ನಾನು ಕೊನೆಗೂ ಕನ್ನಡಕ ಹಾಕಿಕೊಂಡೆ. ಊರಲ್ಲಿ ಒಬ್ಬನೇ ಒಬ್ಬ ನಗಲಿಲ್ಲ. ಒಬ್ಬ ಗಿರಾಕಿ, ಈಗ ಮೇಷ್ಟ್ರ ಹಾಗೆ ಕಾಣುತ್ತೀರಿ ಎಂದ. ಯಾವ ಹೆದರಿಕೆಗೆ ಒಬ್ಬರ ಬದುಕಿನ ಮೇಲೆ ಕಲ್ಲು ಹಾಕಿದ್ದೆನೋ ಆ ಹೆದರಿಕೆಯೇ ಪೊಳ್ಳು.

ಆ ದಿನ ಮಾನಿಟರುಗಳನ್ನು ಸರಿಯಾದ ಅಂಕಿಗೆ ಏರಿಸಿ, ಗಿರಿಜಕ್ಕನ ಹಳೆಯ ಆಲ್ಬಮ್ ಒಂದನ್ನು ತೆರೆದೆ. ಅವರ ಕೆಲಸವನ್ನು ನಾನು ನಿಜವಾಗಿ ನೋಡಿದ್ದು ಅದೇ ಮೊದಲು ಎನ್ನಬೇಕು. ಗದ್ದಲದ ಛತ್ರದಿಂದ ಮದುಮಗಳನ್ನು ಬಿಡಿಸಿ ತೆಗೆಯುವಾಗ ಮುಂಗುರುಳಿನ ಒಂದು ಎಳೆಯನ್ನೂ ಕತ್ತರಿಸಿರಲಿಲ್ಲ. ಮೂಲೆಯಲ್ಲಿ ಪಾತ್ರೆ ತೊಳೆಯುತ್ತಾ ತಲೆ ಎತ್ತಿ ನಗುತ್ತಿದ್ದ ಹೆಂಗಸನ್ನು ಅಳಿಸಿರಲಿಲ್ಲ. ಯಾರೂ ನೋಡದ ಆ ಮುಖಕ್ಕೂ ಅಷ್ಟೇ ಜತನದಿಂದ ಬೆಳಕು ತುಂಬಿದ್ದರು. ಯಾರು ಗಮನಿಸುತ್ತಾರೆಂದು ಇಷ್ಟು ಮಾಡಿದರು? ನಾನೇ ಗಮನಿಸಿರಲಿಲ್ಲ. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಇಷ್ಟಾದರೂ ಹೋಗಿ ಹೇಳುವ ಧೈರ್ಯ ಬರಲು ಇನ್ನೂ ಕೆಲವು ತಿಂಗಳು ಬೇಕಾದವು.

ಮಾತು ಯಾರ ಎದುರು ಆಡಿದ್ದೆನೋ ಅವರಿಗೆ ಮೊದಲು ಹೇಳೋಣವೆಂದು ಗೌಡ್ರ ಮನೆಗೆ ಹೋದೆ. ಅಜ್ಜಿ ಜಗಲಿಯ ಮೇಲೆ ಕೂತು ಎಲ್ಲ ಕೇಳಿದರು. "ಅಕಿ ಮುಂದ ಹೇಳೂದನ್ನ ನಮ್ಮ ಮುಂದ ಹೇಳಾಕ ಬಂದಿಯಲ್ಲಪ್ಪಾ. ಏಳು, ಬಸ್ಸು ಸಿಗತೈತಿ," ಎಂದರು. ಸುಲಭದ ಬಾಗಿಲನ್ನು ಮೊದಲು ತಟ್ಟಿದ್ದೇನೆಂದು ಆ ಮುದುಕಿಗೆ ನನಗಿಂತ ಮೊದಲು ತಿಳಿದಿತ್ತು. ಎದ್ದು ಆನವಟ್ಟಿಗೆ ಹೊರಟೆ.

ಗಿರಿಜಕ್ಕ ಈಗ ಗಂಡನ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂರುತ್ತಾರೆ. ಅಂಗಡಿಯ ಹಿಂದೆಯೇ ಮನೆ. ನನ್ನನ್ನು ಕಂಡು ಅವರಿಗಾದ ಸಂತೋಷ ಒಂದಿಷ್ಟೂ ಸೋಗಿನದ್ದಲ್ಲ. ಒಳಗೆ ಕೂರಿಸಿ, ಚಹಾ ಇಟ್ಟು, ನಮ್ಮ ಕಡೆ ಮದುವೆಗೆ ಬಾರದ ನೆಂಟರಿಗೆಲ್ಲ ಮಾಡುವ ಹಾಗೆ ಆಲ್ಬಮ್ ತಂದು ತೊಡೆಯ ಮೇಲೆ ಇಟ್ಟರು. ಆರು ತಿಂಗಳ ಹಿಂದೆ ಅವರ ಮಗಳ ಮದುವೆಯಾಗಿತ್ತು. ಕಾರ್ಡು ಬಂದಿತ್ತು, ಮುಖ ತೋರಿಸಲಾಗದೆ ನಾನು ಹೋಗಿರಲಿಲ್ಲ.

ಪುಟ ತಿರುವಿದೆ. ಗಿರಿಜಕ್ಕನ ಮನೆಯ ಆಲ್ಬಮ್ ಅದು ಎಂದು ನಂಬಲಾಗಲಿಲ್ಲ. ಎಲ್ಲರ ಮುಖಕ್ಕೂ ಬಿಳಿ ಮೆತ್ತಿತ್ತು. ಸೀರೆಯ ಕೆಂಪು ಒಂದು ಪುಟದಿಂದ ಇನ್ನೊಂದಕ್ಕೆ ಬೇರೆಯಾಗುತ್ತಿತ್ತು. ನೀವೇ ಯಾಕೆ ಮಾಡಲಿಲ್ಲ ಎಂದು ನನ್ನ ಬಾಯಿಂದ ಬಂದುಬಿಟ್ಟಿತು — ನಾನು, ನಾನು ಕೇಳಿದೆ ಅದನ್ನು.

ಬೇರೆ ಊರಿನ ಸ್ಟುಡಿಯೋದವರಿಗೆ ಪೂರ್ತಿ ವಹಿಸಿಬಿಟ್ಟೆವು ಎಂದರು. "ಈ ಕಣ್ಣು ನಂಬ್ಕೊಂಡು ಮಗಳ ಆಲ್ಬಮ್ ಕೆಡ್ಸೋದು ಯಾಕೆ ಅಂತ ಅಣ್ಣ."

ಆಗ ಹೇಳಿದೆ. ಅಂಕಿ ಇಳಿಸಿದ್ದು, ನಾಗರಾಜ ಸರಿಮಾಡಿದ್ದು, ನಾನು ಮತ್ತೆ ಇಳಿಸಿದ್ದು, ಗೌಡ್ರ ಮುಂದೆ ಆಡಿದ್ದು, ಅವರು ಶಿವಮೊಗ್ಗದಿಂದ ಬಂದ ದಿನ ಸುಮ್ಮನಿದ್ದದ್ದು. ಯಾವುದನ್ನೂ ಬಿಡಲಿಲ್ಲ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು, ಅಕ್ಷರ ದೊಡ್ಡದು ಮಾಡಲು ಬೇರೆ ದಾರಿ ಇರಲಿಲ್ಲವೇ ಎಂದು. ಇತ್ತು ಎಂದೆ. ಎರಡು ನಿಮಿಷದ ಕೆಲಸ ಎಂದೂ ಹೇಳಿದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ.

ನನ್ನ ತೊಡೆಯ ಮೇಲಿದ್ದ ಆಲ್ಬಮ್ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದರು. ಹುಡುಕದೆ, ನೇರವಾಗಿ ಒಂದು ಪುಟ ತೆರೆದು ನನ್ನ ಕಡೆ ತಿರುಗಿಸಿದರು. ಅವರು ಮಗಳ ಕೈಹಿಡಿದು ಧಾರೆ ಎರೆಯುತ್ತಿರುವ ಚಿತ್ರ. ಪುಟದ ತುಂಬ ಅದೊಂದೇ.

"ಇದ್ರಾಗೆ ನನ್ ಮಗಳ ಮುಖ ಮಬ್ಬಾಗಿದೆ ಅಲ್ವಾ ಅಣ್ಣ? ಆಲ್ಬಮ್ ಬಂದ ದಿನಾನೇ ಕಂಡಿತ್ತು ನಂಗೆ. ನನ್ ಕಣ್ಣೇ ಹಿಂಗೆ ಅಂದ್ಕೊಂಡು ಸುಮ್ನಾದೆ."

ಕನ್ನಡಕ ಸರಿಮಾಡಿಕೊಂಡು ನೋಡಿದೆ. ಮುಖ ಮಬ್ಬಾಗಿತ್ತು. ಹೌದು ಗಿರಿಜಕ್ಕ, ಮಬ್ಬಾಗಿದೆ ಎಂದೆ.